ಮಾಲಾ ನಕ್ಕದ್ದು

ಮೇ ೧೪, ಬುಧವಾರ

ಮೇಲವಂಕಿಯ ಈ ಮನೆಗೆ ಹಿರಿಯಳು ನಾನು. ನನ್ನ ಮಾತಿಲ್ಲದೆ ಇಲ್ಲಿ ಒಲೆ ಹೊತ್ತುವುದಿಲ್ಲ. ಸೊಸೆ ಮಾಲಾ ಕೆಲಸದ ಹೊತ್ತಿನಲ್ಲಿ ಕಂಪ್ಯೂಟರ್ ಮುಂದೆ ನಗುವುದನ್ನು ಬಂದ್ ಮಾಡಿಸಲೆಂದೇ ಇವತ್ತು ಅವಳ ಬಾಜೂಕ್ಕೆ ಕುಳಿತೆ.

“ಯಾರ ಕೂಡ ನಗಾಕತ್ತಿ? ಕನ್ನಡದಾಗ ಓದಿ ಹೇಳು.”

“ಪ್ರೋಗ್ರಾಂ ಬರಿಯೋರ ಗುಂಪೈತ್ರಿ, ಅತ್ತಿ. ನನ್ನ ಪ್ರೋಗ್ರಾಂ ಯಾಕ ನಡೀವಲ್ದು ಅಂತ ಕೇಳಿನ್ರಿ. ‘ಅದಕ್ಕ ಚಾ ಕುಡಿಸೀರಿಲ್ಲೊ?’ ಅಂತಾನ ಒಬ್ಬಾಂವ.”

ಸಿಟ್ಟು ಬಂತು. ಆದರೆ ಚೇಷ್ಟೆ ಮಾಡಿದ ಅವನೇ ಮಾಲಾ ಬರೆದದ್ದನ್ನು ಸಾಲು ಸಾಲು ಓದಿ, ತಪ್ಪು ಸಿಗುವವರೆಗೂ ಏಳಲಿಲ್ಲ. ಮುಖ ಕಾಣದ ಮಂದಿ! ನಮ್ಮ ಬೀಗರಲ್ಲಿ ಚೇಷ್ಟೆ ಮಾಡಿದವರು ಕೆಲಸಕ್ಕೆ ನಿಂತದ್ದನ್ನು ನಾನು ಕಂಡಿಲ್ಲ.

ಆಮೇಲೆ ಅದೇ ಗುಂಪಿನಲ್ಲಿ ಯಾರೋ ಹೊಸಬ ತನ್ನ ತೊಡಕು ಹೇಳಿ ಸಹಾಯ ಕೇಳಿದ. ಮಾಲಾ ಅವನನ್ನೂ ಮೊದಲು ಕಾಡಿಸಿ, ಆಮೇಲೆ ಕಲಿಸಿದಳು. ನಾನೂ ನಕ್ಕುಬಿಟ್ಟೆ.

ಅಡಿಗೆಯ ಹೊತ್ತಾದರೂ ಅವಳನ್ನು ಕರೆಯಲಿಲ್ಲ. ಇವತ್ತಿನ ರೊಟ್ಟಿ ನಾನೇ ಬಡಿದೆ.