ಜುಲೈನಲ್ಲಿ ಜ್ವರವಿಲ್ಲದ ಆಸ್ಪತ್ರೆ

ಜಿಲ್ಲಾ ಆರೋಗ್ಯಾಧಿಕಾರಿ ಶೆರಾಲಿ ಅವರಿಗೆ ನರ್ಸ್ ಬುರುಲ್ಚಾಳ ವಂದನೆಗಳು.

ಜುಲೈನಲ್ಲಿ ನಮ್ಮ ಒಳರೋಗಿಗಳಲ್ಲಿ ಒಬ್ಬರಿಗೂ ಜ್ವರ ಬರಲಿಲ್ಲವೆಂದು ಪ್ರಶಸ್ತಿ ಕಳಿಸಿದ್ದೀರಿ. ಅದು ಹೇಗೆಂಬ ಕುತೂಹಲ ನನಗೂ ಹುಟ್ಟಿ, ಹಳೆಯ ದಾಖಲೆ ಪುಸ್ತಕಗಳನ್ನು ತಿರುವಿದೆ. ಪ್ರತಿ ಜುಲೈಯೂ ಹಾಗೆಯೇ ಇದೆ; ಸೆಪ್ಟೆಂಬರ್ ಬಂತೆಂದರೆ ಹತ್ತು ಹನ್ನೆರಡು ಜ್ವರ! ಜುಲೈ ನಮಗೆ ನಡುಬೇಸಿಗೆ; ಆಗ ಎಲ್ಲರೂ ಕುಡಿಯುವ ಕುದುರೆ ಹಾಲಿನ ಗುಣವಿರಬಹುದು ಎಂದುಕೊಂಡೆ.

ಜುಲೈನಲ್ಲಿ ಇಲ್ಲೇ ಇದ್ದು, ಈಗ ಮತ್ತೆ ದಾಖಲಾಗಿರುವ ಕಾಲಿಪಾ ಅಜ್ಜಿ ನಕ್ಕುಬಿಟ್ಟರು: "ಹುಚ್ಚು ಹುಡುಗಿ! ಪ್ರತಿ ವರ್ಷದ ಹಾಗೆ ಬೇಸಿಗೆಗೆ ನಿನ್ ಜೊತೆ ನರ್ಸ್‌ಗಳು ಮೂವರೂ ಮನೆ ಕುರಿ ಹೊಡ್ಕೊಂಡು ಬೆಟ್ಟ ಹತ್ತಿದ್ರು. ಹದಿನಾರು ಮಂಚಕ್ಕೆ ನೀನೊಬ್ಳೇ. ನನ್ ಮೈ ಕೆಂಡದ ಹಾಗೆ ಸುಡ್ತಿತ್ತು ಕಣೇ, ಮುಟ್ಟಿ ನೋಡೋರು ಯಾರಿದ್ರು?"

ಪ್ರಶಸ್ತಿಯನ್ನು ಇದರ ಜೊತೆಗೇ ಹಿಂದಿರುಗಿಸಿದ್ದೇನೆ. ಬರುವ ಬೇಸಿಗೆಗೆ ದಯವಿಟ್ಟು ಇಬ್ಬರು ನರ್ಸ್‌ಗಳನ್ನು ಕಳಿಸಿ. ಜುಲೈನಲ್ಲೂ ನಮ್ಮಲ್ಲಿ ಜ್ವರವಿರುತ್ತದೆ, ಮಾತು ಕೊಡುತ್ತೇನೆ.

ಇತಿ,
ಬುರುಲ್ಚಾ