ಹಲಗೆಯ ಎಡತುದಿ

ಗುರುಬಸವಾ,

ನಮ್ಮ ಮಾತು ನಿಂತ ಮೇಲೆ ನಿನಗೇನೂ ಕಳಿಸಿಲ್ಲ, ಇದನ್ನೂ ಕಳಿಸುವುದಿಲ್ಲ. ಆದರೆ ಇವತ್ತಿನ ಸುದ್ದಿಯನ್ನು ಇನ್ನಾರಿಗೆ ಹೇಳಲಿ?

ಬಾಬುಸಾಬ್ ಚಾಚಾರ ಮೀನಿನ ದೋಣಿಗೆ ಕೊನೆಗೂ ಕಂಬ ಕೂರಿಸಿದೆ. ಹಳೆಯ ಬೋರ್‌ವೆಲ್ ಪೈಪು ಕತ್ತರಿಸಿ, ಬುಡಕ್ಕೆ ದಪ್ಪ ತಗಡು ವೆಲ್ಡಿಂಗ್ ಮಾಡಿದೆ. ಕಂಬದ ಹಗ್ಗ ಹಲಗೆಯನ್ನು ಎಳೆಯಬೇಕು, ಅದರ ಮೇಲೆ ನಿಂತವನು ನೀರಿನಲ್ಲಿ ಜಾರಬೇಕು. ಮೊಬೈಲಿನಲ್ಲಿ ನೋಡಿ ಇಬ್ಬರೂ ಬಾಯಿ ಬಿಟ್ಟಿದ್ದೆವಲ್ಲ, ಹಾಗೆ.

ಹಲಗೆ ಮಾತ್ರ ನಿಮ್ಮದೇ. ವಳಕಮದಿನ್ನಿಯ ನಿಮ್ಮ ಗದ್ದೆಯಲ್ಲಿ ನಾಟಿಗೆ ಮೊದಲು ಕೆಸರು ಸಮ ಮಾಡಲು ಟ್ರ್ಯಾಕ್ಟರಿಗೆ ಕಟ್ಟುತ್ತಿದ್ದೆವಲ್ಲ, ಅದೇ. ಭಾರಕ್ಕೆಂದು ಅದರ ಮೇಲೆ ನಾನು ಎಡತುದಿಗೆ, ನೀನು ಬಲತುದಿಗೆ ನಿಲ್ಲುತ್ತಿದ್ದೆವು. ಹಲಗೆ ಕೇಳಲು ಹೋದಾಗ ನಿಮ್ಮವ್ವ ನಿನ್ನ ಹೆಸರೆತ್ತಲಿಲ್ಲ, ನಾನೂ ಎತ್ತಲಿಲ್ಲ.

ಬೆಳಿಗ್ಗೆ ಮಸ್ಕಿ ಡ್ಯಾಮಿನಲ್ಲಿ ದೋಣಿ ಹೊರಟಿತು. ಕಂಬ ಅಲುಗಲಿಲ್ಲ, ನಾನೇ ಹಲಗೆಸಮೇತ ಮಗುಚಿದೆ. ಮತ್ತೆ ಹತ್ತಿದೆ, ಮತ್ತೆ ಮಗುಚಿದೆ. ಚಾಚಾ ಮೋಟಾರು ನಿಲ್ಲಿಸಿ ರೇಗಿದರು.

“ಲೇ ದಾನಿಷ್, ಒಬ್ಬಾವನ ಅದಿ, ನಡುವ ನಿಂದರಬೇಕಿಲ್ಲ? ಆ ತುದಿಗೆ ಯಾಕ ನಿಂತಿ?”

ಆಗಲೇ ನನಗೂ ಗೊತ್ತಾದದ್ದು. ಈಜಿ ಹೋಗಿ ಮತ್ತೆ ಹಲಗೆ ಹಿಡಿದೆ.

ನಡುವೆ ನಿಂತಿದ್ದರೆ ಬೀಳುತ್ತಿರಲಿಲ್ಲ. ಆದರೂ ಮೂರನೆಯ ಸಲವೂ ನಿನ್ನ ಜಾಗ ಖಾಲಿ ಬಿಟ್ಟೇ ನಿಂತೆ.