ಸಾನಮಾವಿನ ಅರವತ್ತಮೂರು ತೋಳುಗಳು

ಹೊಸೂರು,
18 ಜೂನ್ 1946

ಚಿರಂಜೀವಿ ಲಕ್ಷ್ಮೀಪತಿಗೆ,

ನಿನ್ನ ಅಕ್ಕ ಜಾನಕಿಯ ಆಶೀರ್ವಾದ. ಇತ್ತ ಎಲ್ಲರೂ ಕ್ಷೇಮ ಎಂದು ಬರೆಯುವುದು ವಾಡಿಕೆ. ಈ ಸಲ ಆ ಸಾಲು ಬರೆಯಲು ಕೈ ಬರುತ್ತಿಲ್ಲ.

ನೀನು ಮದರಾಸಿನ ನಿನ್ನ ಆರೋಗ್ಯ ಇಲಾಖೆಯ ಕಚೇರಿಯಿಂದ ಕಳಿಸಿದ ಟೈಪು ಮಾಡಿದ ಹಾಳೆ ತಲುಪಿತು. ಇಡೀ ಪ್ರಾಂತ್ಯದಲ್ಲಿ ಜನಾರೋಗ್ಯದ ಕೆಲಸ ಎಷ್ಟು ಮುಂದುವರಿದಿದೆ ಎಂಬ, ಇನ್ನೂ ಅಚ್ಚಾಗದ ವರದಿ. ಸಿಡುಬು ಬಾರದಂತೆ ಮಕ್ಕಳ ತೋಳಿಗೆ ದಾಕು ಹಾಕುವುದರಲ್ಲಿ ನಮ್ಮ ಹೊಸೂರು ತಾಲ್ಲೂಕು ಎಲ್ಲರಿಗೂ ಮಾದರಿ ಎಂದು ಅದರಲ್ಲೊಂದು ಸಾಲು. ಅದರ ಕೆಳಗೆ ಕೆಂಪು ಶಾಯಿಯಲ್ಲಿ ಗೆರೆ ಎಳೆದು "ಇದು ನಿನ್ನ ಕೆಲಸ ಅಕ್ಕಾ" ಎಂದು ಬರೆದಿದ್ದೀಯ. ನನ್ನನ್ನು ಸಂತೋಷಪಡಿಸಲೆಂದೇ ಬರೆದೆ, ಗೊತ್ತು. ಓದಿ ಮಡಿಸಿಟ್ಟು ಅಡುಗೆಮನೆಗೆ ಹೋಗಿ ಅರ್ಧ ಗಂಟೆ ಪಾತ್ರೆ ಉಜ್ಜಿದೆ. ಉಜ್ಜಿದ್ದನ್ನೇ ಉಜ್ಜಿದೆ.

ನನ್ನವರು ಹೋದ ಮೇಲೆ ನಾನು ದಾಕು ಹಾಕುವ ಈ ಕೆಲಸಕ್ಕೆ ಸೇರುತ್ತೇನೆಂದಾಗ ಮನೆಮಂದಿಯೆಲ್ಲ ಮೂಗು ಮುರಿದರು. ಸೇಲಂವರೆಗೆ ಜೊತೆಗೆ ಬಂದು ತರಬೇತಿಗೆ ಸೇರಿಸಿದವನು ನೀನೊಬ್ಬನೇ. ಆದ್ದರಿಂದ ನಿನ್ನ ಮೇಲೆ ಸಿಟ್ಟಾಗುವ ಹಕ್ಕು ನನಗಿದೆ ಎಂದುಕೊಂಡೇ ಇದನ್ನು ಬರೆಯುತ್ತಿದ್ದೇನೆ.

ಯುದ್ಧದ ಹೆಸರಲ್ಲಿ ಇಲ್ಲಿಯ ರೈಲುಕಂಬಿ ಕಿತ್ತ ಮೇಲೆ ನಮಗೆ ಮದ್ದು ಬರುವುದು ಕೃಷ್ಣಗಿರಿಯಿಂದ, ಇದ್ದಿಲ ಗ್ಯಾಸಿನ ಬಸ್ಸಿನಲ್ಲಿ. ತಂಪಿನಲ್ಲಿ ಇರಬೇಕಾದ ಮದ್ದು. ಮಾರ್ಚ್ ತಿಂಗಳಲ್ಲಿ ಆ ಬಸ್ಸು ಶೂಲಗಿರಿಯ ಹತ್ತಿರ ಕೆಟ್ಟು ಎರಡು ದಿನ ನಿಂತಿತಂತೆ, ಪೆಟ್ಟಿಗೆ ಅದರ ತಲೆಯ ಮೇಲೆ ಬಿಸಿಲಿನಲ್ಲಿ. ಇದು ನನಗೆ ಆಮೇಲೆ ತಿಳಿಯಿತು. ಪೆಟ್ಟಿಗೆ ಕೈಗೆ ಬಂದ ಮರುದಿನವೇ ನಾನು ಸಾನಮಾವು ಕಾಡಂಚಿನ ಹಳ್ಳಿಗೆ ಹೋದೆ. ಆನೆಗಳು ಕಾಡಿಗೆ ಮರಳುವ ತನಕ ದಾರಿಯಲ್ಲಿ ಕಾದು, ಹೊತ್ತೇರಿದ ಮೇಲೆ ಊರು ಸೇರಿದೆ. ಕೂಸುಗಳ ತೋಳು ಕೊಯ್ದರೆ ಸಿಡುಬಿನ ದೇವಿ ಅಮ್ಮ ಸಿಟ್ಟಾಗುತ್ತಾಳೆ ಎಂದು ಜನ ಬಾಗಿಲು ಹಾಕಿಕೊಂಡರು. ಕದಿರಮ್ಮ ಎಂಬ ಒಕ್ಕಲು ಹೆಂಗಸು ಮಾತ್ರ ನನ್ನ ಮಾತು ನಂಬಿ ಐದು ವರ್ಷದ ಮಗಳು ಮುನಿರತ್ನಳನ್ನು ಮುಂದೆ ತಂದಳು. ಅವಳನ್ನು ನೋಡಿ ಉಳಿದವರೂ ಬಂದರು. ಅರವತ್ತಮೂರು ಮಕ್ಕಳು. ಇನ್ನು ಭಯವಿಲ್ಲ ಎಂದು ಹೇಳಿಬಂದೆ, ನನ್ನ ಬಾಯಿಂದಲೇ.

ಎಂಟನೆಯ ದಿನ ಹೋಗಿ ನೋಡಿದರೆ, ಮದ್ದು ಹಿಡಿದ ಗುರುತಾದ ಬೊಕ್ಕೆ ಎದ್ದಿದ್ದು ಒಂಬತ್ತು ತೋಳುಗಳಲ್ಲಿ. ಮಿಕ್ಕವು ಹಾಗೆಯೇ ನುಣ್ಣಗಿದ್ದವು. ಮದ್ದು ಸತ್ತಿತ್ತು. ನಮ್ಮ ಮೇಲ್ವಿಚಾರಕರ ಮುಂದೆ ಹೋಗಿ, ಹೊಸ ಮದ್ದು ತರಿಸಿಕೊಡಿ, ಇನ್ನೊಮ್ಮೆ ಹಾಕುತ್ತೇನೆ ಎಂದೆ. ಅರವತ್ತಮೂರೂ ಎದ್ದಿವೆಯೆಂದು ಲೆಕ್ಕ ಆಗಲೇ ಮೇಲೆ ಹೋಗಿದೆ, ಈಗ ಹಿಂದೆಗೆದರೆ ತಾಲ್ಲೂಕಿಗೇ ಕೆಟ್ಟ ಹೆಸರು ಎಂದರು. ನಾನು ನೋಡುವ ಮೊದಲೇ ಎದ್ದಿದ್ದವಂತೆ! ಏಪ್ರಿಲಿನಲ್ಲಿ ನಿನಗೂ ಬರೆದೆ. ನೀನು ಏನು ಉತ್ತರ ಕೊಟ್ಟೆ, ನೆನಪಿದೆಯೇ? "ಮೇಲಿನವರನ್ನು ದಾಟಿ ಹೋಗಬೇಡ ಅಕ್ಕಾ, ಕೆಲಸಕ್ಕೆ ಸಂಚಕಾರ." ಅದನ್ನು ಓದಿ ನಾನೂ ಸುಮ್ಮನಾದೆ. ತಪ್ಪು ನಿನ್ನದೊಂದೇ ಅಲ್ಲ.

ಮೇ ತಿಂಗಳಲ್ಲಿ ಆ ಊರಿಗೆ ಸಿಡುಬು ಬಂತು. ಏಳು ಮಕ್ಕಳು ಮಲಗಿದವು, ಎರಡು ಹೋದವು. ಅವುಗಳಲ್ಲಿ ಮುನಿರತ್ನ ಒಬ್ಬಳು.

ನಾನು ಹೋದಾಗ ಕದಿರಮ್ಮ ಜಗಲಿಯ ಮೇಲೆ ಕೂತಿದ್ದಳು. ಅಳಲಿಲ್ಲ, ಬೈಯಲಿಲ್ಲ. "ನೀವು ಹಾಕಿದ್ದು ಬರೀ ನೀರಾ ಅಮ್ಮಾ?" ಎಂದಳು.

ಸುಳ್ಳು ಹೇಳಬಹುದಿತ್ತು. ವಿಧಿ ಎನ್ನಬಹುದಿತ್ತು. ಮದ್ದು ಕೆಟ್ಟಿತ್ತು, ಎಂಟು ದಿನಕ್ಕೇ ನನಗೆ ಗೊತ್ತಾಯಿತು ಎಂದು ಹೇಳಿಬಿಟ್ಟೆ.

ಆಗ ಅವಳು ಕೇಳಿದಳು, "ಗೊತ್ತಾದ್ಮೇಲೆ ಯಾಕಮ್ಮ ಬರ್ಲಿಲ್ಲ?"

ಇದಕ್ಕೆ ನಿನ್ನ ಕಚೇರಿಯಲ್ಲಿ ಉತ್ತರವಿದ್ದರೆ ಬರೆದು ಕಳಿಸು.

ಮರುದಿನ ಬೆಳಗಿನ ಬಸ್ಸಿಗೆ ಬೆಂಗಳೂರಿಗೆ ಹೋದೆ. ಅಲ್ಲಿಯ ಡಾಕ್ಟರೊಬ್ಬರನ್ನು ಕಾಡಿ ಬೇಡಿ ಮದ್ದು ಪಡೆದು, ಮಣ್ಣಿನ ಕುಡಿಕೆಯಲ್ಲಿಟ್ಟು, ಒದ್ದೆ ಬಟ್ಟೆ ಸುತ್ತಿ, ದಾರಿಯುದ್ದಕ್ಕೂ ಮಡಿಲಲ್ಲಿಟ್ಟುಕೊಂಡು ತಂದೆ. ಊರಿನಲ್ಲಿ ಒಬ್ಬರೂ ಹೊರಗೆ ಬರಲಿಲ್ಲ. ಯಾವ ಮುಖ ಇಟ್ಟುಕೊಂಡು ಕರೆಯಲಿ? ಬೇವಿನ ಮರದ ಕೆಳಗೆ ಕೂತೇ ಇದ್ದೆ. ಮಧ್ಯಾಹ್ನದ ಹೊತ್ತಿಗೆ ಕದಿರಮ್ಮ ತನ್ನ ಒಂದು ವರ್ಷದ ಗಂಡುಕೂಸನ್ನು ಎತ್ತಿಕೊಂಡು ಬಂದಳು. "ಇವನ್ಗೆ ಹಾಕಿ. ಎದ್ದಿಲ್ಲ ಅಂದ್ರೆ ಬಂದು ಹೇಳ್ಬೇಕು ನೀವು," ಎಂದಳು. ಅವಳ ಹಿಂದೆ ಒಬ್ಬೊಬ್ಬರಾಗಿ ಬಂದರು. ಎಂಟನೆಯ ದಿನ ಹೋಗಿ ನೋಡಿ, ಎದ್ದಿದೆ ಎಂದು ಹೇಳಿದೆನಪ್ಪಾ. ಆ ಕೂಸಿನ ತೋಳೂ ಎದ್ದಿತ್ತು, ಮಿಕ್ಕವೂ ಎದ್ದಿದ್ದವು.

ಈಗ ಇಲಾಖೆಯಿಂದ ನನಗೆ ಕಾಗದ ಬಂದಿದೆ. ಮಕ್ಕಳು ಯಾಕೆ ಸತ್ತವು ಎಂದು ಕೇಳಿಲ್ಲ. ಪ್ರಾಂತ್ಯದ ಮದ್ದನ್ನು ಬಿಟ್ಟು ಮೈಸೂರು ಸಂಸ್ಥಾನದ ಮದ್ದನ್ನು ಯಾರ ಅಪ್ಪಣೆಯಿಂದ ಬಳಸಿದೆ, ಒಮ್ಮೆ ಪೂರ್ತಿಯಾದ ಗ್ರಾಮದಲ್ಲಿ ಮತ್ತೇಕೆ ಹಾಕಿದೆ ಎಂದು ಸಮಜಾಯಿಷಿ ಕೇಳಿದ್ದಾರೆ. ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯದೆ, ಕೂತು ನಾಲ್ಕು ಪುಟ ಉತ್ತರ ಬರೆದೆ. ಅರವತ್ತಮೂರು ಹೆಸರು, ಯಾವ ತೋಳು ಎದ್ದಿತು, ಯಾವುದು ಏಳಲಿಲ್ಲ, ಯಾವ ಮಗು ಈಗಿಲ್ಲ, ಎಲ್ಲವೂ ಇದೆ. ಅದರ ಒಂದು ಪ್ರತಿ ಇದರೊಳಗೆ ಇಟ್ಟಿದ್ದೇನೆ.

ಅದನ್ನು ನೀನೇ ನಿನ್ನ ಸಾಹೇಬರ ಮೇಜಿನ ಮೇಲೆ ಇಡಬೇಕು, ವರದಿ ಅಚ್ಚಿಗೆ ಹೋಗುವ ಮೊದಲು. ಆ ಮಾದರಿಯ ಸಾಲು ತೆಗೆಯಿರಿ ಎಂದು ನಿನ್ನ ಬಾಯಿಂದಲೇ ಹೇಳಬೇಕು. ನಿನ್ನ ಕೆಲಸಕ್ಕೂ ಸಂಚಕಾರ ಬಂದೀತು. ಬಂದರೆ ಇಲ್ಲಿಗೆ ಬಂದುಬಿಡು. ನನ್ನ ಕೆಲಸ ಉಳಿದರೂ ಹೋದರೂ ಎಲ್ಲರ ಊಟಕ್ಕೆ ಹೇಗೋ ದಾರಿ ಆಗುತ್ತದೆ.

ನಿನ್ನ ಹೆಂಡತಿ ಅಲಮೇಲುವಿಗೂ ಅವಳ ಹೊಟ್ಟೆಯಲ್ಲಿರುವ ಕೂಸಿಗೂ ದೇವರು ಆರೋಗ್ಯ ಕೊಡಲಿ. ನಿನಗೆ ಧೈರ್ಯ ಕೊಡಲಿ.

ನಿನ್ನ ಮೇಲಿನ ಸಿಟ್ಟು ಇನ್ನೂ ಇಳಿಯದ
ಅಕ್ಕ ಜಾನಕಿ